ಹಳೆಯ ನಕ್ಷೆಗಳನ್ನು ಹುಡುಕುವ ಕ್ರಮ: ಶರಾವತಿ ಕಣಿವೆಯ ಉದಾಹರಣೆಯೊಂದಿಗೆ

ತಮ್ಮ ಊರಿನ ಹಳೆಯ ನಕ್ಷೆ ಬೇಕೆಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋಗುವವರಲ್ಲಿ ಹೆಚ್ಚಿನವರು ಊರಿನ ಹೆಸರನ್ನೇ ಹೇಳಿ ಕೇಳುತ್ತಾರೆ. ಆ ಹೆಸರಿನಲ್ಲಿ ಏನೂ ಇಲ್ಲವೆಂಬ ಉತ್ತರ ಪಡೆದು ಹಿಂದಿರುಗುತ್ತಾರೆ. ಅವರಿಗೆ ಬೇಕಾದ ಹಾಳೆ ಅದೇ ಆವರಣದ ಯಾವುದೋ ವಿಭಾಗದ ಬೀರುವಿನಲ್ಲಿ ಇರುವ ಸಂಭವ ಸಾಕಷ್ಟಿರುತ್ತದೆ. ನಕ್ಷೆಗಳನ್ನು ಊರಿನ ಹೆಸರಿನಡಿ ಜೋಡಿಸಿಡುವುದು ಬಹಳ ಅಪರೂಪ. ಅವು ಹಾಳೆಯ ಸಂಖ್ಯೆಯ ಪ್ರಕಾರ, ಮೋಜಣಿ (ಸರ್ವೆ) ಮಾಡಿದ ಇಲಾಖೆಯ ಪ್ರಕಾರ, ಆ ಕಾಲದಲ್ಲಿ ಆ ನೆಲವನ್ನು ಆಳುತ್ತಿದ್ದ ಸರ್ಕಾರದ ಪ್ರಕಾರ ವಿಂಗಡಣೆಯಾಗಿರುತ್ತವೆ. ಆದುದರಿಂದ ಹುಡುಕಾಟದ ಅರ್ಧ ಕೆಲಸ ಗ್ರಂಥಾಲಯದ ಬಾಗಿಲು ತಲುಪುವ ಮೊದಲೇ, ಮನೆಯಲ್ಲಿ ಕಾಗದ ಪೆನ್ಸಿಲು ಹಿಡಿದು ಮುಗಿದಿರಬೇಕು.

ಈ ಕ್ರಮವನ್ನು ವಿವರಿಸಲು ನಿಜವಾದ ಒಂದು ಅಗತ್ಯವನ್ನೇ ಎತ್ತಿಕೊಳ್ಳುತ್ತೇನೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಅನೇಕ ಹಳ್ಳಿಗಳು, ಗದ್ದೆ ತೋಟಗಳು, ಹಳೆಯ ದಾರಿಗಳು ಹಿನ್ನೀರಿನಡಿ ಸೇರಿದವು. ಸಾಗರ, ಹೊಸನಗರ ತಾಲೂಕುಗಳಿಂದ ಎದ್ದು ಬೇರೆಡೆ ನೆಲೆಸಿದ ಕುಟುಂಬಗಳ ಮೊಮ್ಮಕ್ಕಳಿಗೆ ತಮ್ಮ ಹಿರಿಯರ ಮನೆ ನದಿಯ ಯಾವ ದಡದಲ್ಲಿತ್ತು, ಯಾವ ದಾರಿಯಲ್ಲಿ ಸಾಗರದ ಪೇಟೆಗೆ ಹೋಗುತ್ತಿದ್ದರು ಎಂಬುದನ್ನು ಕಣ್ಣಾರೆ ನೋಡುವ ಆಸೆ ಇರುವುದು ಸಹಜ. ಮುಳುಗಡೆಗೆ ಮೊದಲಿನ ಆ ನೆಲವನ್ನು ತೋರಿಸುವ ನಕ್ಷೆಗಳು ಇವೆ. ಅವುಗಳನ್ನು ತಲುಪುವ ದಾರಿಯೇ ಬೇರೆ ಯಾವ ಊರಿನ ನಕ್ಷೆಗೂ ದಾರಿಯಾಗುತ್ತದೆ.

ಮೊದಲು ಹಾಳೆಯ ಸಂಖ್ಯೆ

ಭಾರತದಲ್ಲಿ ನೆಲದ ನಕ್ಷೆಗಳ ಮುಖ್ಯ ತಯಾರಕರು 1767ರಲ್ಲಿ ಆರಂಭವಾದ, ಡೆಹ್ರಾಡೂನ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಸರ್ವೆ ಆಫ್ ಇಂಡಿಯಾದವರು. ಭೂಗೋಳದ ವಿದ್ಯಾರ್ಥಿಗಳು ಟೋಪೋಶೀಟ್ ಎಂದು ಕರೆಯುವ ಹಾಳೆಗಳು ಅವರವೇ. ಇವುಗಳ ಹಳೆಯ ಸಂಖ್ಯಾಕ್ರಮವನ್ನು ಒಮ್ಮೆ ಅರಿತುಕೊಂಡರೆ ಯಾವ ಸೂಚಿಯೂ ಇಲ್ಲದೆ ನಮ್ಮ ಹಾಳೆಯ ಸಂಖ್ಯೆಯನ್ನು ನಾವೇ ಲೆಕ್ಕ ಹಾಕಬಹುದು. ಮೊದಲಿಗೆ ಫೋನಿನ ನಕ್ಷೆಯಲ್ಲಿ ಸ್ಥಳದ ಮೇಲೆ ಬೆರಳೊತ್ತಿ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳಬೇಕು. ಫೋನು ಅವನ್ನು ದಶಮಾಂಶದಲ್ಲಿ ಕೊಡುತ್ತದೆ. ದಶಮಾಂಶದ ಭಾಗವನ್ನು 60ರಿಂದ ಗುಣಿಸಿದರೆ ನಿಮಿಷಗಳು ಬರುತ್ತವೆ.

ದೇಶವನ್ನು ಅಗಲ ಎತ್ತರಗಳೆರಡರಲ್ಲೂ ನಾಲ್ಕು ಡಿಗ್ರಿಯ ದೊಡ್ಡ ಚೌಕಗಳಾಗಿ ವಿಭಾಗಿಸಿ ಒಂದೊಂದಕ್ಕೂ ಅಂಕಿ ಕೊಟ್ಟಿದ್ದಾರೆ. ಕರ್ನಾಟಕದ ಬಹುಭಾಗವನ್ನು ಎರಡು ಚೌಕಗಳು ಒಳಗೊಳ್ಳುತ್ತವೆ: 72ರಿಂದ 76 ಡಿಗ್ರಿ ಪೂರ್ವ ರೇಖಾಂಶ ಹಾಗೂ 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದ ನಡುವಿನದು 48, ಅದರ ಬಲಕ್ಕೆ 76ರಿಂದ 80 ಡಿಗ್ರಿಯವರೆಗಿನದು 57. ಹದಿನಾರು ಡಿಗ್ರಿಯ ಉತ್ತರಕ್ಕಿರುವ ವಿಜಯಪುರ, ಕಲಬುರಗಿ, ಬೀದರ ಕಡೆಯವರು 47 ಮತ್ತು 56ನ್ನು ನೋಡಬೇಕು. ಪ್ರತಿ ದೊಡ್ಡ ಚೌಕದೊಳಗೆ ಒಂದು ಡಿಗ್ರಿಯ ಹದಿನಾರು ಚೌಕಗಳಿದ್ದು, ಅವುಗಳಿಗೆ ಇಂಗ್ಲಿಷಿನ ‘ಎ’ಯಿಂದ ‘ಪಿ’ಯವರೆಗಿನ ಅಕ್ಷರಗಳಿವೆ. ಈ ಅಕ್ಷರಗಳು ಎಡ ಮೇಲ್ಮೂಲೆಯಿಂದ ಹೊರಟು ಕೆಳಕ್ಕಿಳಿಯುತ್ತವೆ, ನಂತರ ಬಲಕ್ಕಿರುವ ಸಾಲಿನ ತಲೆಗೆ ಹೋಗಿ ಮತ್ತೆ ಕೆಳಕ್ಕಿಳಿಯುತ್ತವೆ. ಒಂದು ಡಿಗ್ರಿಯ ಚೌಕವನ್ನು ಹದಿನೈದು ನಿಮಿಷಗಳ ಹದಿನಾರು ಹಾಳೆಗಳಾಗಿ ಇದೇ ಕ್ರಮದಲ್ಲಿ ಮತ್ತೆ ವಿಭಾಗಿಸಿ 1ರಿಂದ 16ರವರೆಗೆ ಅಂಕಿ ಕೊಡಲಾಗಿದೆ. ಹಿಂದಿನ ಕಾಲದ ಒಂದು ಮೈಲಿಗೆ ಒಂದು ಅಂಗುಲದ ಹಾಳೆಯೂ, ಮೆಟ್ರಿಕ್ ಪದ್ಧತಿ ಬಂದ ಮೇಲಿನ ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರಿನ, ಅಂದರೆ 1:50,000 ಸ್ಕೇಲಿನ ಹಾಳೆಯೂ ಇಷ್ಟೇ ನೆಲವನ್ನು ತೋರಿಸುತ್ತವೆ.

ಜೋಗ ಜಲಪಾತದ ಅಕ್ಷಾಂಶ ಸುಮಾರು 14 ಡಿಗ್ರಿ 14 ನಿಮಿಷ, ರೇಖಾಂಶ ಸುಮಾರು 74 ಡಿಗ್ರಿ 49 ನಿಮಿಷ. ದೊಡ್ಡ ಚೌಕ 48. ಅದರಲ್ಲಿ 74–75 ಡಿಗ್ರಿಯ ಸಾಲು ‘ಐ’ಯಿಂದ ‘ಎಲ್’ವರೆಗಿನದು, 14–15 ಡಿಗ್ರಿಯ ಅಡ್ಡಪಟ್ಟಿ ಮೇಲಿನಿಂದ ಎರಡನೆಯದು, ಆದ್ದರಿಂದ ಅಕ್ಷರ ‘ಜೆ’. ಅದರೊಳಗೆ 45ರಿಂದ 60 ನಿಮಿಷದ ಕೊನೆಯ ಸಾಲು, ತೀರ ಕೆಳಗಿನ ಹಾಳೆ. ಹೀಗೆ 48 ಜೆ/16 ಎಂದು ಸಿಗುತ್ತದೆ. ಲಿಂಗನಮಕ್ಕಿ ಅಣೆಕಟ್ಟೂ ಇದೇ ಹಾಳೆಯಲ್ಲಿದೆ. ಆದರೆ ಸಾಗರ ಪಟ್ಟಣ 75ನೇ ರೇಖಾಂಶವನ್ನು ದಾಟಿರುವುದರಿಂದ 48 ಎನ್/4ರಲ್ಲಿದೆ. ಹೊಸನಗರ 14ನೇ ಅಕ್ಷಾಂಶಕ್ಕಿಂತ ಕೆಳಗಿರುವುದರಿಂದ 48 ಓ/1ಕ್ಕೆ ಹೋಗುತ್ತದೆ. ಇವೆರಡರ ಪಕ್ಕದ ನೈರುತ್ಯ ಮೂಲೆ 48 ಕೆ/13. ಒಂದೇ ಕಣಿವೆಯನ್ನು ನೋಡಲು ನಾಲ್ಕು ಹಾಳೆ ಬೇಕು, ಆ ನಾಲ್ಕೂ ನಾಲ್ಕು ಬೇರೆ ಬೇರೆ ಅಕ್ಷರಗಳ ಗುಂಪಿನಲ್ಲಿವೆ. ಧಾರವಾಡದ ಸ್ಥಿತಿಯೂ ಇಂಥದೇ: 75ನೇ ರೇಖಾಂಶ ಊರಿನ ಮೇಲೆಯೇ ಹಾದುಹೋಗುವುದರಿಂದ ಪೇಟೆಯ ಭಾಗ 48 ಎಂ/3ರಲ್ಲಿಯೂ, ಕರ್ನಾಟಕ ವಿಶ್ವವಿದ್ಯಾಲಯದ ಆವರಣ 48 ಐ/15ರಲ್ಲಿಯೂ ಬರುತ್ತವೆ. ಲೆಕ್ಕ ಸರಿಯಾಯಿತೇ ಎಂದು ಪರೀಕ್ಷಿಸಿಕೊಳ್ಳಲು ಬಯಸುವವರಿಗೆ ಬೆಂಗಳೂರು 57 ಎಚ್/9, ಮೈಸೂರು 57 ಡಿ/11, ಹಂಪಿ 57 ಎ/7, ಮಂಗಳೂರು 48 ಎಲ್/13, ಶಿವಮೊಗ್ಗ 48 ಓ/9 ಎಂಬುದು ನೆರವಾಗುತ್ತದೆ.

2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರ ಸಾರ್ವಜನಿಕರಿಗಾಗಿ ಹೊರಬಂದ ಓಪನ್ ಸೀರೀಸ್ ಹಾಳೆಗಳ ಸಂಖ್ಯಾಕ್ರಮ ಬೇರೆ. ಅವು ಅಂತರರಾಷ್ಟ್ರೀಯ ಕ್ರಮವನ್ನು ಅನುಸರಿಸುವುದರಿಂದ ಶರಾವತಿ ಕಡೆಯ ಹಾಳೆಗಳು ‘ಡಿ 43’ ಎಂದು ಆರಂಭವಾಗುತ್ತವೆ; 78ನೇ ರೇಖಾಂಶದಾಚೆಯ ಕೋಲಾರ, ಮುಳಬಾಗಿಲುಗಳಿಗೆ ‘ಡಿ 44’. ಈ ಸರಣಿಯನ್ನು ಓಎಸ್‌ಎಂ ಎಂದು ಚುಟುಕಾಗಿ ಬರೆಯುವ ವಾಡಿಕೆಯಿದೆ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸ್ವಯಂಸೇವಕರ ನಕ್ಷೆಯನ್ನೂ ಹಾಗೆಯೇ ಕರೆಯುವುದರಿಂದ, ಅಂತರಜಾಲದಲ್ಲಿ ಹುಡುಕುವಾಗ ಪೂರ್ಣ ಹೆಸರನ್ನೇ ಬರೆಯುವುದು ಒಳ್ಳೆಯದು.

ಯಾವ ವರ್ಷದ ನೆಲ, ಯಾರ ಆಡಳಿತ

ನಕ್ಷೆಯ ಮೇಲೆ ಎರಡು ಮೂರು ವರ್ಷಗಳು ನಮೂದಾಗಿರುತ್ತವೆ, ಅವುಗಳಲ್ಲಿ ಮುಖ್ಯವಾದದ್ದು ಮೋಜಣಿಯ ವರ್ಷ. ಮುದ್ರಣದ ವರ್ಷವನ್ನು ನೆಚ್ಚಿಕೊಂಡವರು ಬೇಗ ದಾರಿ ತಪ್ಪುತ್ತಾರೆ, ಏಕೆಂದರೆ ಹಳೆಯ ಮೋಜಣಿಯ ಹಾಳೆಯನ್ನು ದಶಕಗಳ ನಂತರ ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ ಮತ್ತೆ ಮುದ್ರಿಸುವುದು ಸಾಮಾನ್ಯವಾಗಿತ್ತು. ಶರಾವತಿಯ ವಿಷಯದಲ್ಲಿ ನಮಗೆ ಬೇಕಾದದ್ದು 1964ಕ್ಕಿಂತ ಮೊದಲು ಮೋಜಣಿಯಾದ ಹಾಳೆ. ಅದರಲ್ಲಿಯೂ ಒಂದು ಸೂಕ್ಷ್ಮವಿದೆ. ಜೋಗದ ವಿದ್ಯುದಾಗಾರಕ್ಕಾಗಿ 1940ರ ದಶಕದಲ್ಲಿ ಮಡೇನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಲಾಗಿತ್ತು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು, ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಈಗಲೂ ಕಾಣಿಸುತ್ತದೆ. ಹಾಗಾಗಿ ಎರಡೂ ಜಲಾಶಯಗಳಿಲ್ಲದ ಕಣಿವೆಯನ್ನು ನೋಡಬೇಕೆಂದರೆ ಇನ್ನೂ ಹಿಂದಿನ ಮೋಜಣಿಗೆ ಹೋಗಬೇಕು. ನಮಗೆ ಬೇಕಾದ ಘಟನೆ ನಡೆದ ವರ್ಷವನ್ನು, ಅದಕ್ಕೆ ಮೊದಲಿನ ಮತ್ತು ನಂತರದ ದೊಡ್ಡ ಬದಲಾವಣೆಗಳನ್ನು ಮುಂಚಿತವಾಗಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಗ್ರಂಥಾಲಯದಲ್ಲಿ ಹಾಳೆ ಬಿಚ್ಚಿದ ಕ್ಷಣವೇ ಅದು ಕೆಲಸಕ್ಕೆ ಬರುತ್ತದೆಯೋ ಇಲ್ಲವೋ ಎಂದು ನಿರ್ಧರಿಸಬಹುದು.

ಆಡಳಿತದ ಪ್ರಶ್ನೆ ಕರ್ನಾಟಕದವರಿಗೆ ಬೇರೆಯವರಿಗಿಂತ ಹೆಚ್ಚು ಮುಖ್ಯ. 1956ಕ್ಕೆ ಮೊದಲು ಈ ನಾಡಿನ ಭಾಗಗಳು ಮೈಸೂರು ಸಂಸ್ಥಾನ, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದವು. ನಕ್ಷೆಗಳೂ ಹಾಗೆಯೇ ಹಂಚಿಹೋಗಿವೆ. ಶರಾವತಿ ಒಂದೇ ನದಿಯಾದರೂ ಅದರ ಮೇಲ್ಭಾಗ ಮೈಸೂರು ಸಂಸ್ಥಾನದ್ದು, ಜೋಗದಿಂದ ಕೆಳಗಿನ ಹೊನ್ನಾವರದ ಕಡೆ ಉತ್ತರ ಕನ್ನಡ ಜಿಲ್ಲೆಯದು. ಉತ್ತರ ಕನ್ನಡವು 1862ರವರೆಗೆ ಮದರಾಸು ಪ್ರಾಂತ್ಯದಲ್ಲಿದ್ದು ಆಮೇಲೆ ಮುಂಬಯಿಗೆ ಸೇರಿತು. ಈ ಕಾರಣದಿಂದ ಮೇಲಿನ ಕಣಿವೆಯ ಹಳೆಯ ಕಾಗದಗಳನ್ನು ಬೆಂಗಳೂರು ಮೈಸೂರುಗಳಲ್ಲಿಯೂ, ಕೆಳಗಿನ ಭಾಗದವನ್ನು ಮುಂಬಯಿಯಲ್ಲಿಯೂ, ಅದಕ್ಕೂ ಹಿಂದಿನವನ್ನು ಚೆನ್ನೈಯಲ್ಲಿಯೂ ಹುಡುಕಬೇಕಾಗುತ್ತದೆ. ರಾಯಚೂರು, ಬೀದರದವರು ಹೈದರಾಬಾದಿನ ಪತ್ರಾಗಾರವನ್ನೂ, ದಕ್ಷಿಣ ಕನ್ನಡದವರು ಮತ್ತು ಬಳ್ಳಾರಿಯವರು ಚೆನ್ನೈಯ ಎಗ್ಮೋರಿನಲ್ಲಿರುವ ಪತ್ರಾಗಾರವನ್ನೂ ನೆನಪಿನಲ್ಲಿಟ್ಟುಕೊಳ್ಳಬೇಕು.

ಕ್ಯಾಟಲಾಗಿನಲ್ಲಿ ಹುಡುಕಲು ಹಳೆಯ ಇಂಗ್ಲಿಷ್ ಬರವಣಿಗೆಯ ಹೆಸರುಗಳ ಪಟ್ಟಿಯನ್ನೂ ಮಾಡಿಕೊಳ್ಳಬೇಕು. ಜೋಗವು ಹಳೆಯ ನಕ್ಷೆಗಳಲ್ಲಿ ಗೇರುಸೊಪ್ಪ ಫಾಲ್ಸ್ ಎಂದಿದೆ, ಅದರ ಕಾಗುಣಿತವೂ ಒಂದೊಂದು ಕಡೆ ಒಂದೊಂದು ಬಗೆ. ಹೊಸನಗರ ತಾಲೂಕಿನ ನಗರವನ್ನು ಬಿದನೂರು ಎಂದು ಹುಡುಕಬೇಕು. ಹೊನ್ನಾವರ ಓನೋರ್ ಆಗಿದೆ, ಮಡಿಕೇರಿ ಮರ್ಕಾರಾ, ರಾಮನಗರ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಕೃಷ್ಣರಾಜನಗರ ಎಡತೊರೆ. 2014ರ ನವೆಂಬರಿನಲ್ಲಿ ಅಧಿಕೃತವಾಗಿ ಬದಲಾದ ಬೆಂಗಳೂರು, ಶಿವಮೊಗ್ಗ, ಬೆಳಗಾವಿಗಳ ಹೊಸ ಕಾಗುಣಿತವನ್ನಷ್ಟೇ ಟೈಪು ಮಾಡಿದರೆ ಅದಕ್ಕೆ ಹಿಂದಿನ ದಾಖಲೆಗಳು ಪರದೆಯ ಮೇಲೆ ಬರುವುದೇ ಇಲ್ಲ.

ಗ್ರಂಥಾಲಯದಲ್ಲಿ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಕ್ಷೆಗಳು ಒಂದೇ ಕಡೆ ಇರುವುದಿಲ್ಲ. ಮುಖ್ಯ ಗ್ರಂಥಾಲಯದಲ್ಲಿ ಅಟ್ಲಾಸುಗಳು ಮತ್ತು ಗೆಜೆಟಿಯರುಗಳು, ಅಂದರೆ ಪ್ರದೇಶದ ವಿವರ ಕೊಡುವ ಸರ್ಕಾರಿ ಗ್ರಂಥಗಳು ಇರುತ್ತವೆ. ಬಿಡಿ ಹಾಳೆಗಳು ಬಹುಪಾಲು ಭೂಗೋಳ, ಭೂವಿಜ್ಞಾನ ವಿಭಾಗಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳಾದರೆ ಸಿವಿಲ್ ವಿಭಾಗದಲ್ಲಿ ಇರುತ್ತವೆ. ಮೈಸೂರು, ಧಾರವಾಡ, ಬೆಂಗಳೂರುಗಳ ಹಳೆಯ ಭೂಗೋಳ ವಿಭಾಗಗಳು ಪಾಠಕ್ಕಾಗಿಯೇ ತಲೆಮಾರುಗಳಿಂದ ಟೋಪೋಶೀಟುಗಳನ್ನು ಕೂಡಿಹಾಕುತ್ತ ಬಂದಿವೆ. ಇವು ಹಲವೆಡೆ ಕಂಪ್ಯೂಟರಿನ ಕ್ಯಾಟಲಾಗಿಗೆ ಏರಿರುವುದಿಲ್ಲ. ವಿಭಾಗದ ಸಹಾಯಕರ ಬಳಿ ಇರುವ ಕೈಬರಹದ ರಿಜಿಸ್ಟರೇ ಅವುಗಳ ಏಕೈಕ ಸೂಚಿ. ಆದುದರಿಂದ ಕ್ಯಾಟಲಾಗಿನಲ್ಲಿ ಇಲ್ಲವೆಂದ ಮಾತ್ರಕ್ಕೆ ಹುಡುಕಾಟ ನಿಲ್ಲಿಸಬಾರದು. ಆ ವಿಶ್ವವಿದ್ಯಾಲಯದ ವಿದ್ಯಾರ್ಥಿಯಲ್ಲದವರು ಉದ್ದೇಶವನ್ನು ಸ್ಪಷ್ಟವಾಗಿ ತಿಳಿಸಿ ಗ್ರಂಥಪಾಲಕರಿಗೂ ವಿಭಾಗದ ಮುಖ್ಯಸ್ಥರಿಗೂ ಮುಂಚಿತವಾಗಿ ಪತ್ರ ಬರೆಯುವುದು, ಸಾಧ್ಯವಾದರೆ ತಮ್ಮ ಕಾಲೇಜಿನಿಂದಲೋ ಸಂಸ್ಥೆಯಿಂದಲೋ ಒಂದು ಪರಿಚಯ ಪತ್ರವನ್ನೂ ಗುರುತಿನ ಚೀಟಿಯನ್ನೂ ಒಯ್ಯುವುದು ಅಗತ್ಯ. ಪತ್ರದಲ್ಲಿ ‘ಶರಾವತಿಯ ನಕ್ಷೆ’ ಎಂದು ಬರೆಯುವುದಕ್ಕಿಂತ ‘ಸರ್ವೆ ಆಫ್ ಇಂಡಿಯಾದ 48 ಜೆ/16, 48 ಎನ್/4, 48 ಕೆ/13, 48 ಓ/1, 1964ಕ್ಕಿಂತ ಹಿಂದಿನ ಮೋಜಣಿ, ಒಂದು ಮೈಲಿಗೆ ಒಂದು ಅಂಗುಲದ ಸ್ಕೇಲು’ ಎಂದು ಬರೆದರೆ, ಉತ್ತರಿಸಬೇಕಾದವರಿಗೆ ಬೀರು ತೆಗೆದು ನೋಡುವ ಕೆಲಸವಷ್ಟೇ ಉಳಿಯುತ್ತದೆ.

ಕಪಾಟುಗಳ ನಡುವೆ ಸ್ವತಃ ಹುಡುಕುವವರು, ಪುಸ್ತಕಗಳನ್ನು ವಿಷಯವಾರು ಅಂಕಿಗಳಿಂದ ಜೋಡಿಸುವ ಡ್ಯೂಯಿ ವರ್ಗೀಕರಣದ 912 ಎಂಬ ಸಂಖ್ಯೆಯಲ್ಲಿ ಅಟ್ಲಾಸು ಮತ್ತು ನಕ್ಷೆಗಳನ್ನೂ, 915.487ರಲ್ಲಿ ಕರ್ನಾಟಕದ ಭೂಗೋಳವನ್ನೂ, 954.87ರಲ್ಲಿ ಕರ್ನಾಟಕದ ಇತಿಹಾಸವನ್ನೂ ನೋಡಬೇಕು. ಇತಿಹಾಸದ ಕಪಾಟನ್ನು ಹೇಳಲು ಕಾರಣವಿದೆ. ಅತ್ಯುತ್ತಮ ನಕ್ಷೆಗಳಲ್ಲಿ ಅನೇಕವು ಪುಸ್ತಕಗಳ ಹೊಟ್ಟೆಯಲ್ಲಿವೆ: ಹಳೆಯ ಜಿಲ್ಲಾ ಗೆಜೆಟಿಯರುಗಳ ಹಿಂಬದಿಯ ಜೇಬಿನಲ್ಲಿ, ಅರಣ್ಯ ಇಲಾಖೆಯ ಕಾರ್ಯಯೋಜನೆಗಳಲ್ಲಿ, ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲಿ, ನೀರಾವರಿ ಮತ್ತು ವಿದ್ಯುತ್ ಯೋಜನೆಗಳ ವರದಿಗಳಲ್ಲಿ. ಇವು ಪುಸ್ತಕದ ಹೆಸರಿನಲ್ಲಿ ದಾಖಲಾಗಿರುತ್ತವೆ, ನಕ್ಷೆ ಎಂಬ ಹುಡುಕುಪದಕ್ಕೆ ಸಿಗುವುದಿಲ್ಲ. ಕ್ಯಾಟಲಾಗಿನ ವಿವರದಲ್ಲಿ ಪುಟಗಳ ಸಂಖ್ಯೆಯ ಜೊತೆ ‘ಮಡಿಸಿದ ನಕ್ಷೆ ಸಹಿತ’ ಎಂಬರ್ಥದ ಟಿಪ್ಪಣಿ ಇದೆಯೇ ಎಂದು ನೋಡಬೇಕು. ಅಂತರಜಾಲದಲ್ಲಿ ಈ ಗೆಜೆಟಿಯರುಗಳ ಸ್ಕ್ಯಾನ್ ಪ್ರತಿಗಳು ಸುಲಭವಾಗಿ ಸಿಗುತ್ತವೆಯಾದರೂ, ಸ್ಕ್ಯಾನ್ ಮಾಡಿದವರು ಮಡಿಕೆಯನ್ನು ಬಿಚ್ಚದೆ ಮುಂದಿನ ಪುಟಕ್ಕೆ ಹೋಗಿರುವುದನ್ನು ಎಷ್ಟೋ ಪ್ರತಿಗಳಲ್ಲಿ ಕಾಣುತ್ತೇವೆ. ಕಾಗದದ ಪುಸ್ತಕವನ್ನು ಹುಡುಕಿಕೊಂಡು ಹೋಗಲು ಈ ಒಂದು ಕಾರಣವೇ ಸಾಕು.

ಜನಗಣತಿಯ ಜಿಲ್ಲಾ ಕೈಪಿಡಿಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ತಾಲೂಕಿನ ಗ್ರಾಮಗಳನ್ನು ಅಂಕಿಗಳಿಂದ ಗುರುತಿಸಿದ ನಕ್ಷೆ, ಅದರ ಎದುರಿಗೆ ಆ ಅಂಕಿಗಳಿಗೆ ಸರಿಹೊಂದುವ ಹೆಸರು ಮತ್ತು ಜನಸಂಖ್ಯೆಯ ಪಟ್ಟಿ ಇರುವ ಈ ಸಂಪುಟಗಳನ್ನು ಹತ್ತು ಹತ್ತು ವರ್ಷಗಳ ಅಂತರದಲ್ಲಿ ಹೋಲಿಸಬಹುದು. ಶಿವಮೊಗ್ಗ ಜಿಲ್ಲೆಯ 1961ರ ಪಟ್ಟಿಯನ್ನು 1971ರದರ ಪಕ್ಕದಲ್ಲಿಟ್ಟು ಓದುವವರಿಗೆ ಮುಳುಗಡೆಯಿಂದ ಯಾವ ಗ್ರಾಮದ ಜನ ಎಷ್ಟು ಕರಗಿದರು ಎಂಬುದು ಅಂಕಿಗಳಲ್ಲಿಯೇ ಕಾಣುತ್ತದೆ. ಇತ್ತೀಚಿನ 2011ರ ಕೈಪಿಡಿಗಳು ಜನಗಣತಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿವೆ. ಹಳೆಯವನ್ನು ಗ್ರಂಥಾಲಯದಲ್ಲಿ ನೋಡುವುದು ಉತ್ತಮ.

ಕಾಡು ಮತ್ತು ಸಸ್ಯವರ್ಗದ ವಿಷಯಕ್ಕೆ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು 1980ರ ದಶಕದಿಂದ 1:2,50,000 ಸ್ಕೇಲಿನಲ್ಲಿ ಹೊರತಂದ ಪಶ್ಚಿಮ ಘಟ್ಟಗಳ ಅರಣ್ಯ ನಕ್ಷೆಗಳಿವೆ, ಅವುಗಳಲ್ಲಿ ಶಿವಮೊಗ್ಗದ ಹಾಳೆ ಶರಾವತಿಯನ್ನು ಒಳಗೊಂಡಿದೆ. 1956ರಲ್ಲಿ ಕೋಲ್ಕತ್ತದಲ್ಲಿ ಆರಂಭವಾದ ರಾಷ್ಟ್ರೀಯ ಅಟ್ಲಾಸ್ ಸಂಸ್ಥೆ, ಅಂದರೆ ನ್ಯಾಟ್ಮೊ, ಪ್ರಕಟಿಸಿದ ವಿಷಯಾಧಾರಿತ ಅಟ್ಲಾಸುಗಳೂ ಭೂಗೋಳ ವಿಭಾಗಗಳಲ್ಲಿ ಸಿಗುತ್ತವೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಇಲ್ಲದ ಪುಸ್ತಕ ಬೇರೆ ಎಲ್ಲಿದೆ ಎಂದು ತಿಳಿಯಲು ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್‌ನ ಇಂಡ್‌ಕ್ಯಾಟ್ ಎಂಬ ಒಕ್ಕೂಟದ ಕ್ಯಾಟಲಾಗನ್ನು ನೋಡಬಹುದು. ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲದ ಸದಸ್ಯತ್ವವಿರುವ ಗ್ರಂಥಾಲಯದ ಮೂಲಕ ಪುಸ್ತಕವನ್ನು ಎರವಲಾಗಿಯೂ ತರಿಸಿಕೊಳ್ಳಬಹುದು.

ಹಾಳೆಯನ್ನು ಕೈಗೆತ್ತಿಕೊಂಡ ಮೇಲೆ ಅದರ ಬಗ್ಗೆ ಕಾಳಜಿ ಇರಬೇಕು. ಹಳೆಯ ಕಾಗದ ಮಡಿಕೆಯಲ್ಲಿಯೇ ಹರಿಯುತ್ತದೆ, ಆದ್ದರಿಂದ ದೊಡ್ಡ ಮೇಜಿನ ಮೇಲೆ ಇಡೀ ಹಾಳೆಯನ್ನು ಹರಡಿ ನೋಡಬೇಕು. ಪೆನ್ನನ್ನು ಚೀಲದಲ್ಲಿಟ್ಟು ಪೆನ್ಸಿಲನ್ನಷ್ಟೇ ಬಳಸಬೇಕು. ಹಾಳೆಯ ಮೇಲೆ ಟ್ರೇಸಿಂಗ್ ಕಾಗದವಿಟ್ಟು ಒತ್ತಿ ಬರೆಯಬಾರದು. ಛಾಯಾಚಿತ್ರ ತೆಗೆಯಲು ಅನುಮತಿ ಕೇಳಬೇಕು. ಕರಾವಳಿ ಮತ್ತು ಗಡಿಗೆ ಹತ್ತಿರದ ಹಳೆಯ ಹಾಳೆಗಳಲ್ಲಿ ‘ನಿರ್ಬಂಧಿತ’ ಎಂಬ ಮುದ್ರೆ ಇರುವುದುಂಟು. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭೂದತ್ತಾಂಶದ ನಿಯಮಗಳನ್ನು ಬಹಳಷ್ಟು ಸಡಿಲಿಸಿದ್ದರೂ, ಅಂಥ ಹಾಳೆಗೆ ಆ ಗ್ರಂಥಾಲಯ ಯಾವ ನಿಯಮವನ್ನು ಪಾಲಿಸುತ್ತದೆಯೋ ಅದನ್ನೇ ಅನುಸರಿಸಬೇಕು. ಅನುಮತಿ ಸಿಕ್ಕಿದರೆ ಮೊದಲು ನಾಲ್ಕೂ ಅಂಚುಗಳು ಕಾಣುವಂತೆ ಇಡೀ ಹಾಳೆಯ ಒಂದು ಚಿತ್ರ, ನಂತರ ಒಂದರ ಅಂಚು ಇನ್ನೊಂದರಲ್ಲಿ ಸ್ವಲ್ಪ ಸೇರುವಂತೆ ಭಾಗ ಭಾಗವಾಗಿ ಹತ್ತಿರದ ಚಿತ್ರಗಳು, ಕೊನೆಗೆ ಸಂಕೇತ ಸೂಚಿ, ಸ್ಕೇಲು, ಮೋಜಣಿಯ ವರ್ಷ, ಅಕ್ಕಪಕ್ಕದ ಹಾಳೆಗಳ ಸೂಚಿ ಇವುಗಳ ಪ್ರತ್ಯೇಕ ಚಿತ್ರಗಳನ್ನು ತೆಗೆಯಬೇಕು. ನಡುವಿನ ನಕ್ಷೆಯನ್ನಷ್ಟೇ ತೆಗೆದುಕೊಂಡು ಅಂಚನ್ನು ಬಿಟ್ಟುಬಂದರೆ ಯಾವ ವರ್ಷದ ಯಾವ ಹಾಳೆಯೆಂದು ಹೇಳಲಾಗದ ಚಿತ್ರವಷ್ಟೇ ಕೈಯಲ್ಲಿ ಉಳಿಯುತ್ತದೆ.

ಅಂತರಜಾಲದಲ್ಲಿ

ಇಂದಿನ ನೆಲದ ನಕ್ಷೆಗೆ ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್ ಮೊದಲ ಆಕರ. ಅಲ್ಲಿ ನೋಂದಾಯಿಸಿಕೊಂಡವರು 1:50,000 ಸ್ಕೇಲಿನ ಓಪನ್ ಸೀರೀಸ್ ಹಾಳೆಗಳನ್ನು ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಆದರೆ ಮುಳುಗಡೆಗೆ ಹಿಂದಿನ ಶರಾವತಿ ಅಲ್ಲಿಲ್ಲ. ಅದಕ್ಕಾಗಿ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ–ಕ್ಯಾಸ್ಟನೇಡಾ ಗ್ರಂಥಾಲಯದ ನಕ್ಷಾ ಸಂಗ್ರಹಕ್ಕೆ ಹೋಗಬೇಕು. ಅಮೆರಿಕದ ಸೈನ್ಯದ ನಕ್ಷಾ ವಿಭಾಗದವರು 1950ರ ದಶಕದಲ್ಲಿ ಭಾರತ ಮತ್ತು ಪಾಕಿಸ್ತಾನಗಳಿಗೆ 1:2,50,000 ಸ್ಕೇಲಿನಲ್ಲಿ ಮುದ್ರಿಸಿದ ಯು502 ಎಂಬ ಸರಣಿ ಅಲ್ಲಿ ಯಾವ ನೋಂದಣಿಯೂ ಇಲ್ಲದೆ ಸಿಗುತ್ತದೆ. 12ರಿಂದ 16 ಡಿಗ್ರಿ ಅಕ್ಷಾಂಶದ ನಡುವಿನ ಕರ್ನಾಟಕದ ಹಾಳೆಗಳಲ್ಲಿ ಹೆಚ್ಚಿನವು ‘ಎನ್‌ಡಿ 43’ ಎಂಬ ಗುಂಪಿನಲ್ಲಿವೆ. ಬೆಂಗಳೂರು ಎನ್‌ಡಿ 43–16. ಸ್ಕೇಲು ಸಣ್ಣದಾದುದರಿಂದ ಒಂದೊಂದು ಮನೆ ಕಾಣುವುದಿಲ್ಲ, ಆದರೆ ನದಿಯ ಮೂಲ ಪಾತ್ರ, ಮುಖ್ಯ ಹಳ್ಳಿಗಳು, ಅವುಗಳನ್ನು ಜೋಡಿಸುತ್ತಿದ್ದ ದಾರಿಗಳು ತಿಳಿಯುತ್ತವೆ. ಹುಡುಕಾಟವನ್ನು ಇಂದೇ ಆರಂಭಿಸಲು ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ನನಗೆ ತಿಳಿದಿಲ್ಲ.

ಹತ್ತೊಂಬತ್ತನೇ ಶತಮಾನಕ್ಕೆ ಮತ್ತು ಅದಕ್ಕೂ ಹಿಂದಕ್ಕೆ ಹೋಗುವವರಿಗೆ ಹಳೆಯ ನಕ್ಷೆಗಳ ಅಂತರಜಾಲ ಭಂಡಾರವಾದ ಡೇವಿಡ್ ರಮ್ಸೆ ಸಂಗ್ರಹವಿದೆ. ಅದರ ಚಿತ್ರಗಳು ಬಹಳ ಸ್ಪಷ್ಟವಾಗಿದ್ದು ಪೂರ್ಣ ಗಾತ್ರದಲ್ಲಿ ಇಳಿಸಿಕೊಳ್ಳಬಹುದು. ಓಲ್ಡ್ ಮ್ಯಾಪ್ಸ್ ಆನ್‌ಲೈನ್ ಎಂಬ ತಾಣದಲ್ಲಿ ಹೆಸರಿನ ಗೊಡವೆಯೇ ಇಲ್ಲದೆ ಇಂದಿನ ನಕ್ಷೆಯಲ್ಲಿ ಸ್ಥಳವನ್ನು ತೋರಿಸಿ, ಆ ನೆಲವನ್ನು ಒಳಗೊಂಡ ಹಳೆಯ ನಕ್ಷೆಗಳು ಯಾವ ಯಾವ ಗ್ರಂಥಾಲಯದಲ್ಲಿವೆ ಎಂದು ತಿಳಿಯಬಹುದು. ಷಿಕಾಗೋ ವಿಶ್ವವಿದ್ಯಾಲಯದ ಡಿಜಿಟಲ್ ಸೌತ್ ಏಷ್ಯಾ ಲೈಬ್ರರಿಯಲ್ಲಿ ಇಂಪೀರಿಯಲ್ ಗೆಜೆಟಿಯರಿನ ಅಟ್ಲಾಸ್ ಸಂಪುಟ ಹಾಳೆ ಹಾಳೆಯಾಗಿ ತೆರೆದುಕೊಳ್ಳುತ್ತದೆ. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಮೈಸೂರು ಸೀಮೆಯ ಮೋಜಣಿಯನ್ನು ನಡೆಸಿ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ ಕಾಲಿನ್ ಮೆಕೆಂಜಿಯವರ ಸಂಗ್ರಹ ಲಂಡನ್ನಿನ ಬ್ರಿಟಿಷ್ ಲೈಬ್ರರಿ ಮತ್ತು ಚೆನ್ನೈಯ ಸರ್ಕಾರಿ ಓರಿಯೆಂಟಲ್ ಹಸ್ತಪ್ರತಿ ಗ್ರಂಥಾಲಯಗಳಲ್ಲಿ ಹಂಚಿಹೋಗಿದೆ; ನಕ್ಷೆಗಳಿಗಾಗಿ ಮುಖ್ಯವಾಗಿ ಲಂಡನ್ನಿನ ಕ್ಯಾಟಲಾಗನ್ನು ನೋಡಬೇಕು.

ಗ್ರಾಮದ ಮಟ್ಟಕ್ಕಿಳಿದರೆ ಆಕರಗಳು ಪೂರ್ತಿ ಬದಲಾಗುತ್ತವೆ. ಸರ್ವೆ ನಂಬರುಗಳ ಗಡಿ ತೋರಿಸುವ ಗ್ರಾಮ ನಕ್ಷೆಗಳನ್ನು ತಯಾರಿಸಿದ್ದು ಕಂದಾಯ ಆಡಳಿತ. ರಾಜ್ಯದ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆಯ ತಾಣದಲ್ಲಿ ಜಿಲ್ಲೆ, ತಾಲೂಕು, ಹೋಬಳಿಗಳನ್ನು ಆರಿಸಿದರೆ ಕಂದಾಯ ಗ್ರಾಮದ ನಕ್ಷೆ ಪಿಡಿಎಫ್ ಆಗಿ ಸಿಗುತ್ತದೆ. ಒಂದು ಮೈಲಿಗೆ ಎಂಟು ಅಂಗುಲ, ಅಂದರೆ 1:7920 ಸ್ಕೇಲಿನ ಇಂಥ ನಕ್ಷೆಯಲ್ಲಿ ಕೆರೆ, ಹಳ್ಳ, ಬಂಡಿದಾರಿ, ಊರಿನ ಗಾವಠಾಣ (ಮನೆಗಳಿರುವ ಜಾಗ) ಎಲ್ಲವನ್ನೂ ಕಾಣಬಹುದು. ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರ ದಿಶಾಂಕ್ ಆ್ಯಪ್ ನಾವು ನಿಂತ ಜಾಗದ ಸರ್ವೆ ನಂಬರನ್ನು ಹೇಳುತ್ತದೆ. ಜಮೀನಿನ ತಕರಾರಿಗೆ ಇವು ಯಾವುವೂ ಸಾಕಾಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಅಲ್ಲಿ ಬೇಕಾಗುವುದು ಸರ್ವೆ ಕಚೇರಿಯಿಂದ ದೃಢೀಕರಿಸಿ ಪಡೆದ ಟಿಪ್ಪಣಿ (ಅಳತೆಯ ನಕಾಶೆ) ಮತ್ತು ಆಕಾರಬಂದ್ (ವಿಸ್ತೀರ್ಣ ಮತ್ತು ಕಂದಾಯದ ದಾಖಲೆ), ಅಗತ್ಯ ಬಿದ್ದರೆ ಹದ್ದುಬಸ್ತು, ಅಂದರೆ ಸ್ಥಳದಲ್ಲಿಯೇ ಗಡಿ ಅಳೆದು ಗುರುತಿಸುವುದು. ಮುಳುಗಡೆಯಾದ ಗ್ರಾಮಗಳ ಮಟ್ಟಿಗೆ ತಾಲೂಕಿನ ಸರ್ವೆ ಕಚೇರಿಯಲ್ಲಿ ಹಳೆಯ ಗ್ರಾಮ ನಕ್ಷೆಯನ್ನೂ, ಕಂದಾಯ ಕಚೇರಿಯ ದಾಖಲೆ ಕೋಣೆಯಲ್ಲಿ ಭೂಸ್ವಾಧೀನದ ಕಡತವನ್ನೂ, ಅದಕ್ಕೆ ಲಗತ್ತಿಸಿದ ನಕ್ಷೆಯನ್ನೂ ಲಿಖಿತವಾಗಿ ಕೇಳಬೇಕು.

ಸಂಶೋಧಕರು ಮರೆಯುವ ಇನ್ನೊಂದು ಆಕರ, ಭಾರತೀಯ ಪಿಎಚ್‌ಡಿ ಪ್ರಬಂಧಗಳ ಅಂತರಜಾಲ ಸಂಗ್ರಹವಾದ ಶೋಧಗಂಗಾ. ನಮ್ಮ ತಾಲೂಕಿನ ಮೇಲೆ ಭೂಗೋಳ, ಭೂವಿಜ್ಞಾನ ಅಥವಾ ಸಮಾಜಶಾಸ್ತ್ರದಲ್ಲಿ ಯಾರಾದರೂ ಪಿಎಚ್‌ಡಿ ಮಾಡಿದ್ದರೆ, ಅವರು ಬಿಡಿಸಿದ ನಕ್ಷೆಗಳೂ, ಅದಕ್ಕಿಂತ ಹೆಚ್ಚಾಗಿ ಅವರು ಬಳಸಿದ ಹಾಳೆಗಳ ಸಂಖ್ಯೆಯೂ ವರ್ಷವೂ ಆ ಪ್ರಬಂಧದಲ್ಲಿ ಸಿಗುತ್ತವೆ. ಕಲ್ಲು ಮಣ್ಣಿನ ನಕ್ಷೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್, ಉಪಗ್ರಹ ಚಿತ್ರಕ್ಕೆ ಇಸ್ರೋದ ಭುವನ್ ಇವೆ. ಅಮೆರಿಕದ ಭೂವೈಜ್ಞಾನಿಕ ಸಂಸ್ಥೆಯ ಅರ್ಥ್ ಎಕ್ಸ್‌ಪ್ಲೋರರಿನಲ್ಲಿ 1972ರಿಂದೀಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳ ಜೊತೆಗೆ, 1960ರಿಂದ 1972ರವರೆಗೆ ಹಾರಿದ ಕರೋನಾ ಬೇಹು ಉಪಗ್ರಹಗಳ ಚಿತ್ರಗಳೂ ಇವೆ. ಜಲಾಶಯ ತುಂಬುವ ಆಸುಪಾಸಿನ ವರ್ಷಗಳ ಚಿತ್ರ ನಮ್ಮ ಕಣಿವೆಯ ಮೇಲೆ ಇದೆಯೇ, ಅದು ಮೋಡವಿಲ್ಲದೆ ಬಂದಿದೆಯೇ ಎಂದು ಒಮ್ಮೆ ನೋಡಲೇಬೇಕು; ಆಗಲೇ ಸ್ಕ್ಯಾನ್ ಆಗಿರುವ ಚಿತ್ರಗಳು ಉಚಿತ.

ಹಾಳೆ ಸಿಕ್ಕಿದ ಮೇಲೆ

ಹಳೆಯ ಹಾಳೆಯನ್ನು ಇಂದಿನ ನಕ್ಷೆಯ ಮೇಲೆ ಕೂರಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದ ಜಿಯೋರೆಫರೆನ್ಸರ್ ಸಾಕು. ಆದರೆ ಹಳೆಯ ಟೋಪೋಶೀಟುಗಳ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಗೋಳಾಭ ಎಂಬ ಭೂಮಿಯ ಆಕಾರದ ಹಳೆಯ ಲೆಕ್ಕವನ್ನು ಆಧರಿಸಿವೆ, ಫೋನಿನವು ಡಬ್ಲ್ಯೂಜಿಎಸ್ 84 ಎಂಬ ಈಚಿನ ಲೆಕ್ಕವನ್ನು. ಹಾಳೆಯ ಮೂಲೆಯಲ್ಲಿ ಮುದ್ರಿತವಾದ ಅಂಕಿಗಳನ್ನು ನೇರವಾಗಿ ಕೊಟ್ಟರೆ ಇಡೀ ನಕ್ಷೆ ಪಕ್ಕಕ್ಕೆ ಸರಿದು ಕೂರುತ್ತದೆ, ಹಳ್ಳದ ದಡದಲ್ಲಿದ್ದ ಮನೆ ಹಳ್ಳದಾಚೆಗೆ ಹೋಗುತ್ತದೆ. ತಂತ್ರಾಂಶದಲ್ಲಿ ಕಲ್ಯಾಣಪುರ ಎಂಬ ಹೆಸರಿನ ಮಾನಗಳಲ್ಲಿ ಹಾಳೆಗೆ ಹೊಂದುವುದನ್ನು ಆರಿಸಬೇಕು, ಅಥವಾ ಅಂದಿನಿಂದ ಇಂದಿನವರೆಗೂ ಕದಲದ ಗುರುತುಗಳನ್ನು, ಎಂದರೆ ಗುಡ್ಡದ ತುದಿಯ ತ್ರಿಕೋನ ಮೋಜಣಿ ಕಲ್ಲು, ಹಳೆಯ ದೇವಸ್ಥಾನ, ಕೋಟೆಯ ಮೂಲೆ, ಜಲಪಾತದ ಅಂಚು ಇಂಥವನ್ನು ಹಾಳೆಯ ಎಲ್ಲ ಕಡೆಗಳಿಂದಲೂ ಹೆಕ್ಕಿ ಹೊಂದಿಸಬೇಕು. ಎರಡನೆಯ ವಿಧಾನವೇ ನನಗೆ ಹೆಚ್ಚು ವಿಶ್ವಾಸಾರ್ಹವಾಗಿ ಕಾಣುತ್ತದೆ, ಏಕೆಂದರೆ ಕಾಗದ ಹಿಗ್ಗಿ ಕುಗ್ಗಿದ್ದರೂ ಅದು ಸರಿದೂಗಿಸಿಕೊಳ್ಳುತ್ತದೆ.

ಮುಳುಗಡೆಯ ವ್ಯಾಪ್ತಿಯನ್ನು ಹಳೆಯ ಹಾಳೆಯಲ್ಲಿಯೇ ಗುರುತಿಸಲು ಸಮೋನ್ನತಿ ರೇಖೆಗಳನ್ನು, ಅಂದರೆ ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಗೆರೆಗಳನ್ನು ಬಳಸಬಹುದು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಳೆಯ ಒಂದು ಅಂಗುಲದ ಹಾಳೆಗಳಲ್ಲಿ ಎತ್ತರಗಳು ಅಡಿಗಳಲ್ಲಿಯೇ ಇದ್ದು ರೇಖೆಗಳು ಸಾಮಾನ್ಯವಾಗಿ 50 ಅಡಿಗೊಂದರಂತೆ ಇರುತ್ತವೆ. ಪ್ರತಿ ಹಾಳೆಯ ಮೇಲೆ, ಅಣೆಕಟ್ಟಿನ ಮೇಲ್ಭಾಗದ ಕಣಿವೆಯಲ್ಲಿ 1800 ಅಡಿಯ ರೇಖೆಯನ್ನು ನೀಲಿ ಬಣ್ಣದಲ್ಲಿ ಅನುಸರಿಸುತ್ತ ಹೋದರೆ ಅದರೊಳಗಿನ ಎಲ್ಲವೂ ನೀರಿಗೆ ಹೋದದ್ದು, ಅದಕ್ಕೂ 1850ರ ರೇಖೆಗೂ ನಡುವಿನದು ದಡದ ಪಟ್ಟಿ. ಆ ಪಟ್ಟಿಯಲ್ಲಿರುವ ಮನೆಯ ಗುರುತು ಮುಳುಗಿತೇ ಉಳಿಯಿತೇ ಎಂಬುದನ್ನು ಊರಿನ ಹಿರಿಯರನ್ನು ಕೇಳಿಯೇ ತಿಳಿಯಬೇಕು. ಹಿರಿಯರ ಮುಂದೆ ದೊಡ್ಡದಾಗಿ ಮುದ್ರಿಸಿದ ಪ್ರತಿಯನ್ನು ಹರಡಿ, ಅವರು ಹೇಳುವ ಹೆಸರುಗಳನ್ನು ಅವರ ಉಚ್ಚಾರಣೆಯಲ್ಲಿಯೇ ಕನ್ನಡದಲ್ಲಿ ಬರೆದುಕೊಳ್ಳುವುದು ಬಹಳ ಬೆಲೆಯುಳ್ಳ ಕೆಲಸ. ಇಂಗ್ಲಿಷಿನಲ್ಲಿ ಬರೆದ ಹೆಸರುಗಳು ಮೂಲದಿಂದ ಎಷ್ಟೋ ದೂರ ಸರಿದಿರುತ್ತವೆ.

ಬಳಸಿದ ಪ್ರತಿಯೊಂದು ನಕ್ಷೆಗೂ ಹಾಳೆಯ ಸಂಖ್ಯೆ, ಸ್ಕೇಲು, ಮೋಜಣಿಯ ವರ್ಷ, ಮುದ್ರಣದ ವರ್ಷ, ಆವೃತ್ತಿ, ಪ್ರಕಟಿಸಿದ ಸಂಸ್ಥೆ, ಇಟ್ಟಿರುವ ಗ್ರಂಥಾಲಯ, ಅಂತರಜಾಲದ್ದಾದರೆ ನೋಡಿದ ದಿನಾಂಕ ಇವಿಷ್ಟನ್ನೂ ಅಂದೇ ಬರೆದಿಡಬೇಕು. ಪುಸ್ತಕದಲ್ಲಿಯೋ ಪತ್ರಿಕೆಯಲ್ಲಿಯೋ ಪ್ರಕಟಿಸುವವರು ಸಂಗ್ರಹದ ಬಳಕೆಯ ಷರತ್ತುಗಳನ್ನು ಓದಬೇಕು. ರಮ್ಸೆ ಸಂಗ್ರಹದ ಚಿತ್ರಗಳನ್ನು ವಾಣಿಜ್ಯ ಉದ್ದೇಶಕ್ಕೆ ಬಳಸಲು ಬೇರೆಯಾಗಿ ಅನುಮತಿ ಬೇಕು. ದೇಶದ ಹೊರಗಡಿ ಕಾಣುವ ಯಾವುದೇ ವಿದೇಶಿ ನಕ್ಷೆಯನ್ನು ಇಡಿಯಾಗಿ ಮುದ್ರಿಸುವ ಮೊದಲು ಅದನ್ನು ಸರ್ವೆ ಆಫ್ ಇಂಡಿಯಾದ ಗಡಿರೇಖೆಯೊಂದಿಗೆ ಹೋಲಿಸಿ ನೋಡುವುದು ಕಾನೂನಿನ ದೃಷ್ಟಿಯಿಂದ ಅವಶ್ಯಕ. ಶರಾವತಿಯಂಥ ಒಳನಾಡಿನ ಹಾಳೆಗೆ ಈ ತೊಡಕಿಲ್ಲ. ಅಲ್ಲಿ ಬೇಕಾದ ಭಾಗವನ್ನಷ್ಟೇ ಸ್ಕೇಲಿನ ಪಟ್ಟಿಯ ಸಮೇತ ಕತ್ತರಿಸಿ, ಆಕರದ ವಿವರವನ್ನು ಕೆಳಗೆ ಕೊಟ್ಟು ಪ್ರಕಟಿಸಬಹುದು.